ಎರಡನೆಯ ಮಾಲೀಕನ ವಾರಂಟಿ

ಐಷಾರಾಮಿ ಕಾರು ಮೊದಲ ಮಾಲೀಕನ ಕೈಯಲ್ಲಿರುವ ನಾಲ್ಕೈದು ವರ್ಷಗಳಲ್ಲಿ ತನ್ನ ಬೆಲೆಯ ಸುಮಾರು ಅರ್ಧವನ್ನು ಕಳೆದುಕೊಳ್ಳುತ್ತದೆ, ಆದರೆ ಅದರ ಬಿಡಿಭಾಗಗಳ ಬೆಲೆ ಕಾರಿನ ಜೊತೆಗೆ ಇಳಿಯುವುದಿಲ್ಲ. 70 ಲಕ್ಷ ರೂಪಾಯಿಗೆ ಮಾರಾಟವಾಗಿದ್ದ ಕಾರನ್ನು 30 ಲಕ್ಷಕ್ಕೆ ಕೊಂಡವನು, ಗೇರ್‌ಬಾಕ್ಸ್ ಕೆಟ್ಟ ದಿನ ತೆರಬೇಕಾದುದು 70 ಲಕ್ಷದ ಕಾರಿನ ಗೇರ್‌ಬಾಕ್ಸಿನ ಬೆಲೆಯನ್ನೇ. ಅದನ್ನು ಬಿಚ್ಚಿ ಜೋಡಿಸುವ ಕೂಲಿಯೂ ಹೊಸ ಕಾರಿಗೆ ಎಷ್ಟೋ ಅಷ್ಟೇ. ಬಳಸಿದ ಐಷಾರಾಮಿ ಕಾರಿನ ವ್ಯಾಪಾರದಲ್ಲಿರುವ ಆತಂಕವೆಲ್ಲ ಈ ಒಂದು ಅಂತರದಿಂದ ಹುಟ್ಟುತ್ತದೆ, ಮತ್ತು ಆ ಆತಂಕಕ್ಕೆ ಪರಿಹಾರವೆಂದು ಷೋರೂಮಿನಲ್ಲಿ ಬೇರೆಯಾಗಿ ಬೆಲೆ ಕಟ್ಟಿ ಮಾರುವುದೇ ವಿಸ್ತರಿತ ವಾರಂಟಿ, ಅಂದರೆ ಕಾರ್ಖಾನೆಯಿಂದ ಬಂದ ಮೂಲ ವಾರಂಟಿಯ ಅವಧಿ ತೀರಿದ ಮೇಲೂ ಒಂದೆರಡು ವರ್ಷ ರಿಪೇರಿಯ ಭಾರ ಹೊರುವುದಾಗಿ ತಯಾರಕನ ಹೆಸರಿನಲ್ಲಿ ಬರೆದುಕೊಟ್ಟ ಒಪ್ಪಂದ. ಮೂಲ ವಾರಂಟಿ ಭಾರತದಲ್ಲಿ ಇಂಥ ಕಾರುಗಳಿಗೆ ಸಾಮಾನ್ಯವಾಗಿ 2 ಅಥವಾ 3 ವರ್ಷ ಇರುತ್ತದೆ. ಕಾರು ಎರಡನೆಯ ಕೈಗೆ ಬರುವ ಹೊತ್ತಿಗೆ ಅದು ಮುಗಿದಿರುತ್ತದೆ ಅಥವಾ ಮುಗಿಯುವುದರಲ್ಲಿರುತ್ತದೆ. ಯಂತ್ರ ಕೆಡಲು ತೊಡಗುವ ವಯಸ್ಸಿಗೂ ಕಾರು ಕೈಬದಲಾಗುವ ವಯಸ್ಸಿಗೂ ಇರುವ ಈ ಹೊಂದಾಣಿಕೆಯನ್ನು ಗಮನಿಸಿದರೆ, ಎರಡನೆಯ ಮಾಲೀಕ ಕಾರನ್ನು ಕೊಳ್ಳುವಷ್ಟೇ ಆ ಕಾಗದವನ್ನೂ ಕೊಳ್ಳುತ್ತಾನೆ ಎಂದು ಹೇಳಬಹುದು.

ಇಂಥ ಕಾರನ್ನು ಕೊಳ್ಳುವವರಲ್ಲಿ ಹೆಚ್ಚಿನವರು ಆಗರ್ಭ ಶ್ರೀಮಂತರಲ್ಲ ಎಂಬುದನ್ನು ಮೊದಲೇ ಹೇಳಬೇಕು, ಏಕೆಂದರೆ ಈ ವಿಷಯದ ಚರ್ಚೆಯೆಲ್ಲ ಅಲ್ಲಿಯೇ ದಾರಿ ತಪ್ಪುತ್ತದೆ. ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್, ಜಿಲ್ಲಾ ಕೇಂದ್ರದಲ್ಲಿ ನರ್ಸಿಂಗ್ ಹೋಮ್ ನಡೆಸುವ ವೈದ್ಯ, ಚಿಕ್ಕಮಗಳೂರಿನ ಕಾಫಿ ಬೆಳೆಗಾರ, ಬ್ಯಾಂಕಿನ ಸಾಲದ ಕಂತನ್ನು ಲೆಕ್ಕಹಾಕಿ, ಹೊಸ ಮಧ್ಯಮ ದರ್ಜೆಯ ಕಾರಿನ ಬೆಲೆಗೆ ಜರ್ಮನಿಯ ಹಳೆಯ ಕಾರು ಸಿಗುತ್ತದೆಂದು ಕೊಳ್ಳುವವರು ಇವರು. ಅವರಿಗೆ ತೊಂದರೆಯಾದಾಗ, ಅಷ್ಟು ದೊಡ್ಡ ಕಾರು ಇಟ್ಟುಕೊಂಡವರಿಗೆ ರಿಪೇರಿಯ ಖರ್ಚು ಯಾವ ಲೆಕ್ಕ ಎಂಬ ಮಾತು ನೆಂಟರಿಷ್ಟರಿಂದ ಹಿಡಿದು ವಕೀಲರವರೆಗೆ ಎಲ್ಲರ ಬಾಯಲ್ಲೂ ಬರುತ್ತದೆ. ಒಪ್ಪಂದದ ನ್ಯಾಯ ಅನ್ಯಾಯಗಳನ್ನು ಒಪ್ಪಂದ ಮಾಡಿಕೊಂಡವನ ಜೇಬು ನೋಡಿ ತೀರ್ಮಾನಿಸುವ ಈ ರೂಢಿ ಸರಿಯಲ್ಲ. ಒಂದೂವರೆ ಎರಡು ಲಕ್ಷ ರೂಪಾಯಿ ಪಡೆದು ಕೊಟ್ಟ ಮಾತು ಬಡವನಿಗೆ ಕೊಟ್ಟದ್ದಾದರೂ ಉಳ್ಳವನಿಗೆ ಕೊಟ್ಟದ್ದಾದರೂ ಮಾತೇ. ಮೇಲಾಗಿ ಈ ಕಾರಿನ ಗ್ರಾಹಕನಿಗೆ ಇಂದು ಆಗುವುದು ನಾಳೆ ಟ್ರ್ಯಾಕ್ಟರಿನ, ಫ್ರಿಜ್ಜಿನ, ಮೊಬೈಲಿನ ಗ್ರಾಹಕನಿಗೂ ಆಗುತ್ತದೆ. ವಿಸ್ತರಿತ ವಾರಂಟಿ ಈಗ ಎಲ್ಲ ಅಂಗಡಿಗಳಲ್ಲೂ ಸಿಗುವ ಸರಕು.

ವಾರಂಟಿಗೆ ಕಾನೂನಿನಲ್ಲಿ ಒಂದು ನಿರ್ದಿಷ್ಟ ಸ್ಥಾನವಿದೆ. 1930ರ ಸರಕು ಮಾರಾಟ ಕಾಯ್ದೆಯ 12ನೆಯ ಕಲಮು ಕರಾರಿನ ಮಾತುಗಳನ್ನು ಎರಡು ಬಗೆಯಾಗಿ ವಿಂಗಡಿಸುತ್ತದೆ: ಕರಾರಿನ ಮೂಲ ಉದ್ದೇಶಕ್ಕೇ ಅಗತ್ಯವಾದುದು ಷರತ್ತು, ಅದು ಮುರಿದರೆ ಕೊಂಡವನು ಕರಾರನ್ನೇ ತಳ್ಳಿಹಾಕಬಹುದು, ಮೂಲ ಉದ್ದೇಶಕ್ಕೆ ಪೂರಕವಾಗಿ ನಿಲ್ಲುವುದು ವಾರಂಟಿ, ಅದು ಮುರಿದರೆ ನಷ್ಟಪರಿಹಾರ ಕೇಳಬಹುದೇ ಹೊರತು ಸರಕನ್ನು ತಿರಸ್ಕರಿಸಲಾಗದು. ವಿಸ್ತರಿತ ವಾರಂಟಿ ಇದಕ್ಕಿಂತಲೂ ದೂರದ್ದು. ಅದು ಕಾರಿನ ಮಾರಾಟದ ಭಾಗವೇ ಅಲ್ಲದ, ಬೇರೆ ಹಣ ಕೊಟ್ಟು ಕೊಂಡ ಬೇರೊಂದು ಒಪ್ಪಂದ. ಆದ್ದರಿಂದಲೇ ಅಮೆರಿಕದ ಕಾನೂನು ಅದನ್ನು ವಾರಂಟಿ ಎಂದು ಪರಿಗಣಿಸದೆ ಸೇವಾ ಒಪ್ಪಂದ ಎಂಬ ಪ್ರತ್ಯೇಕ ವರ್ಗದಲ್ಲಿಡುತ್ತದೆ. ಆ ಕಾಗದದ ಮೇಲೆ ತಯಾರಕನ ಲಾಂಛನ ದೊಡ್ಡದಾಗಿ ಮುದ್ರಿತವಾಗಿದ್ದರೂ, ಒಳಪುಟಗಳಲ್ಲಿ ಹೊಣೆ ಹೊತ್ತವನ ಹೆಸರು ಎಲ್ಲ ಸಲವೂ ತಯಾರಕನದೇ ಆಗಿರುವುದಿಲ್ಲ: ಕೆಲವೆಡೆ ಡೀಲರ್, ಕೆಲವೆಡೆ ವಾರಂಟಿಗಳ ನಿರ್ವಹಣೆಗೆಂದೇ ಇರುವ ಮೂರನೆಯ ಕಂಪನಿ, ಅದರ ಬೆನ್ನಿಗೆ ಒಂದು ವಿಮಾ ಕಂಪನಿ. ಮಾಲೀಕ ನಂಬಿ ಹಣ ಕೊಡುವುದು ಲಾಂಛನಕ್ಕೆ; ಹಣ ಹಿಂದೆ ಬರಬೇಕಾದಾಗ ಅವನು ಮಾತಾಡಬೇಕಾದುದು ಹೆಸರೇ ಕೇಳಿರದ ಒಂದು ಕಚೇರಿಯೊಡನೆ.

ತಯಾರಕರು ಬಳಸಿದ ಕಾರಿಗೆ ವಾರಂಟಿ ಕೊಡಲು ಮುಂದಾದುದಕ್ಕೆ ಒಂದು ಆರ್ಥಿಕ ಹಿನ್ನೆಲೆ ಇದೆ. 1990ರ ದಶಕದಲ್ಲಿ ಅಮೆರಿಕದಲ್ಲಿ ಐಷಾರಾಮಿ ಕಾರುಗಳನ್ನು ಗುತ್ತಿಗೆಗೆ, ಅಂದರೆ ಲೀಸಿಗೆ, ಪಡೆಯುವ ಪದ್ಧತಿ ಹಬ್ಬಿತು. ಎರಡು ಮೂರು ವರ್ಷ ಓಡಿದ ಕಾರುಗಳು ಸಾಲುಸಾಲಾಗಿ ಡೀಲರುಗಳ ಅಂಗಳಕ್ಕೆ ಮರಳಿದವು. ಅವುಗಳ ಮರುಮಾರಾಟದ ಬೆಲೆ ಕುಸಿದರೆ ಗುತ್ತಿಗೆಯ ಲೆಕ್ಕಾಚಾರವೂ ಹೊಸ ಕಾರಿನ ಪ್ರತಿಷ್ಠೆಯೂ ಒಟ್ಟಿಗೆ ಕುಸಿಯುತ್ತಿದ್ದವು. ಅದನ್ನು ತಡೆಯಲು ಹುಟ್ಟಿದ್ದು ಪ್ರಮಾಣೀಕೃತ ಬಳಸಿದ ಕಾರು ಎಂಬ ವ್ಯವಸ್ಥೆ. ತಯಾರಕನೇ ಕಾರನ್ನು ಪರೀಕ್ಷಿಸಿ, ಸರಿಪಡಿಸಿ, ಒಂದಿಷ್ಟು ಕಾಲದ ವಾರಂಟಿಯೊಡನೆ ಮಾರುವುದು ಅದರ ಕ್ರಮ. ಪೋರ್ಷೆಯ 111 ಅಂಶಗಳ ತಪಾಸಣೆ ಈ ವ್ಯವಸ್ಥೆಯ ಹೆಸರಾಂತ ಉದಾಹರಣೆ. ಬಿಎಂಡಬ್ಲ್ಯೂ, ಮರ್ಸಿಡಿಸ್-ಬೆನ್ಜ್, ಆಡಿ ಕಂಪನಿಗಳೂ ತಮ್ಮ ತಮ್ಮ ಹೆಸರಿನ ಯೋಜನೆಗಳನ್ನು ಭಾರತದಲ್ಲಿ ನಡೆಸುತ್ತಿವೆ. ಹೀಗೆ ಈ ವಾರಂಟಿಯ ಮೂಲ ಪ್ರಯೋಜನ ಕಾರಿನ ಮರುಮಾರಾಟದ ಬೆಲೆಯನ್ನು ಎತ್ತಿಹಿಡಿಯುವುದಾಗಿತ್ತು. ಅದು ತಪ್ಪೇನಲ್ಲ, ಗ್ರಾಹಕನಿಗೂ ಅದರಿಂದ ಒಳಿತಾಗಿದೆ. ಆದರೆ ಮಾರಾಟದ ಹೊತ್ತಿಗೆ ಕೆಲಸ ಮಾಡಿ ಮುಗಿಸುವ ಭರವಸೆಯೊಂದು ಕಾರು ಕೆಟ್ಟ ಹೊತ್ತಿನಲ್ಲಿ ಅಷ್ಟೇ ಉತ್ಸಾಹದಿಂದ ಕೆಲಸ ಮಾಡುತ್ತದೆಂದು ನಂಬಲು ಕಾರಣ ಬೇಕು, ಮತ್ತು ಆ ಕಾರಣ ಒಪ್ಪಂದದ ಒಳಗೆ ಕಾಣುವುದು ಅಪರೂಪ.

ಒಪ್ಪಂದದ ಒಳಗೆ ಇರುವುದು ಎರಡು ಪಟ್ಟಿಗಳು, ರಕ್ಷಣೆಗೆ ಒಳಪಟ್ಟ ಭಾಗಗಳದು ಒಂದು, ಒಳಪಡದವುಗಳದು ಇನ್ನೊಂದು. ಎಂಜಿನ್, ಗೇರ್‌ಬಾಕ್ಸ್, ಸ್ಟಿಯರಿಂಗ್ ಮೊದಲ ಪಟ್ಟಿಯಲ್ಲಿರುತ್ತವೆ. ರಬ್ಬರ್ ಕೊಳವೆ, ಸೀಲು, ಗ್ಯಾಸ್ಕೆಟ್, ಬುಶ್, ಬ್ಯಾಟರಿ, ಬ್ರೇಕ್ ಪ್ಯಾಡ್, ಕ್ಲಚ್ ಮುಂತಾದ ಸವೆಯುವ ಭಾಗಗಳು ಹಲವು ಒಪ್ಪಂದಗಳಲ್ಲಿ ಎರಡನೆಯ ಪಟ್ಟಿಗೆ ಸೇರಿರುತ್ತವೆ. ಓದಲು ಇದು ನ್ಯಾಯವಾಗಿಯೇ ಇದೆ. ತೊಡಕು ಹುಟ್ಟುವುದು ಯಂತ್ರವು ಪಟ್ಟಿಗಳ ಪ್ರಕಾರ ಕೆಡುವುದಿಲ್ಲ ಎಂಬುದರಿಂದ. ಇಂದಿನ ಎಂಜಿನ್ನುಗಳಲ್ಲಿ ತಂಪುದ್ರವ, ಅಂದರೆ ಕೂಲೆಂಟ್, ಹರಿಯುವ ಕೊಳವೆಗಳೂ ಅವುಗಳ ಜೋಡಣೆಗಳೂ ಹಲವೆಡೆ ಪ್ಲಾಸ್ಟಿಕ್ಕಿನವು. ನಾಲ್ಕಾರು ವರ್ಷ ಎಂಜಿನ್ನಿನ ಶಾಖದಲ್ಲಿ ಬೆಂದು ಅವು ಬಿರುಸಾಗುತ್ತವೆ, ಒಂದು ದಿನ ಬಿರುಕು ಬಿಡುತ್ತವೆ. ಕೂಲೆಂಟ್ ಸೋರಿದ ಎಂಜಿನ್ ಅತಿಯಾಗಿ ಕಾದು ಅದರ ಸಿಲಿಂಡರ್ ಹೆಡ್ ಬಾಗುತ್ತದೆ. ಕೆಲವು ಸಾವಿರ ರೂಪಾಯಿಯ ಕೊಳವೆ ರಕ್ಷಣೆಯ ಪಟ್ಟಿಯಲ್ಲಿಲ್ಲ. ಹಲವು ಲಕ್ಷದ ಎಂಜಿನ್ ಪಟ್ಟಿಯಲ್ಲಿದೆ. ಆದರೆ ಪಟ್ಟಿಯಲ್ಲಿಲ್ಲದ ಭಾಗದಿಂದ ಪಟ್ಟಿಯಲ್ಲಿರುವ ಭಾಗಕ್ಕೆ ಆದ ಹಾನಿಗೆ ಹೊಣೆಯಿಲ್ಲ ಎಂಬ ಇನ್ನೊಂದು ವಾಕ್ಯ, ಆನುಷಂಗಿಕ ಹಾನಿಯ ವಾಕ್ಯವೆಂದು ಕರೆಯಬಹುದಾದದ್ದು, ಒಪ್ಪಂದದ ಕೊನೆಯ ಪುಟಗಳಲ್ಲಿರುತ್ತದೆ, ಮತ್ತು ಇಡೀ ಎಂಜಿನ್ನಿನ ಖರ್ಚು ಅದರ ಮೂಲಕ ಮಾಲೀಕನ ಮೇಲೆ ಬೀಳುತ್ತದೆ.

ಏರ್ ಸಸ್ಪೆನ್ಶನ್ ಇದೇ ತೊಡಕಿನ ಇನ್ನೊಂದು ರೂಪ. ಉಕ್ಕಿನ ಸ್ಪ್ರಿಂಗುಗಳ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ ಕಾರನ್ನು ತೇಲಿಸುವ ಈ ವ್ಯವಸ್ಥೆಯನ್ನು ಮರ್ಸಿಡಿಸ್ ಕಂಪನಿ 1998ರಲ್ಲಿ ತನ್ನ ಎಸ್-ಕ್ಲಾಸ್ ಕಾರಿನಲ್ಲಿ ಏರ್‌ಮ್ಯಾಟಿಕ್ ಎಂಬ ಹೆಸರಿನಿಂದ ತಂದಿತು. ಇಂದು ದುಬಾರಿ ಕಾರುಗಳಲ್ಲಿ ಅದು ಸಾಮಾನ್ಯ. ರಬ್ಬರ್ ಚೀಲದಲ್ಲಿ ಕೂದಲೆಳೆಯ ಸೀಳು ಬಿದ್ದರೆ ಗಾಳಿ ಮೆಲ್ಲಗೆ ಸೋರುತ್ತದೆ, ಕೊರತೆ ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ಓಡಿ ಕೊನೆಗೆ ಸುಟ್ಟುಹೋಗುತ್ತದೆ. ಚೀಲದ್ದು ಸವೆತ, ಕಂಪ್ರೆಸರಿನದು ಸವೆತದ ಪರಿಣಾಮ, ಆದ್ದರಿಂದ ಎರಡೂ ಹೊರಗೆ. ಟೈಮಿಂಗ್ ಚೈನಿನ ಕಥೆ ಇನ್ನೂ ಕಠಿಣ. ಎಂಜಿನ್ನಿನ ಕವಾಟಗಳು ಪಿಸ್ಟನ್ನುಗಳ ಚಲನೆಗೆ ಹೊಂದಿಕೊಂಡು ತೆರೆದು ಮುಚ್ಚುವಂತೆ ನೋಡಿಕೊಳ್ಳುವ ಈ ಸರಪಳಿಯನ್ನು, 2007ರಿಂದ ಬಂದ ಬಿಎಂಡಬ್ಲ್ಯೂದ ಎನ್47 ಎಂಬ ಡೀಸೆಲ್ ಎಂಜಿನ್ನಿನಲ್ಲಿ, ಎಂಜಿನ್ನಿನ ಹಿಂಭಾಗಕ್ಕೆ, ಗೇರ್‌ಬಾಕ್ಸಿನ ಕಡೆಗೆ ಇಡಲಾಗಿತ್ತು. ಸರಪಳಿ ಸವೆದು ಸದ್ದು ಮಾಡತೊಡಗಿದರೆ ಅದನ್ನು ತಲುಪಲು ಎಂಜಿನ್ನನ್ನೋ ಗೇರ್‌ಬಾಕ್ಸನ್ನೋ ಇಳಿಸಬೇಕು. ಅದು ತುಂಡಾದರೆ ಎಂಜಿನ್ನೇ ಹಾಳು. ಇಂಥ ಭಾಗ ಸವೆತದಿಂದ ಕೆಟ್ಟಿತೇ, ವಿನ್ಯಾಸದ ದೋಷದಿಂದ ಕೆಟ್ಟಿತೇ, ಮಾಲೀಕ ಎಣ್ಣೆ ಬದಲಿಸದೆ ಓಡಿಸಿದ್ದರಿಂದ ಕೆಟ್ಟಿತೇ ಎಂಬ ಪ್ರಶ್ನೆಗೆ ಯಂತ್ರಶಾಸ್ತ್ರದಲ್ಲಿ ಮೂರು ಉತ್ತರಗಳೂ ಏಕಕಾಲಕ್ಕೆ ಸರಿಯಾಗಿರಬಹುದು. ಒಪ್ಪಂದಕ್ಕೆ ಮಾತ್ರ ಒಂದೇ ಉತ್ತರ ಬೇಕು, ಮತ್ತು ಅದನ್ನು ಆರಿಸುವವನು ಮಾಲೀಕನಲ್ಲ.

ಎಣ್ಣೆಯ ವಿಷಯದಲ್ಲಿ ಗ್ರಾಹಕನ ಅಸಹಾಯಕತೆ ಇನ್ನೂ ಸ್ಪಷ್ಟವಾಗುತ್ತದೆ. ಜರ್ಮನಿಯ ಕೆಲವು ಕಾರುಗಳ ಕೈಪಿಡಿಗಳು 1,000 ಕಿಲೋಮೀಟರಿಗೆ ಅರ್ಧ ಲೀಟರಿನವರೆಗೆ ಎಂಜಿನ್ ಎಣ್ಣೆ ಖರ್ಚಾಗುವುದನ್ನು ಸಹಜವೆಂದೇ ಬರೆಯುತ್ತವೆ. ಎರಡು ಸರ್ವಿಸ್‌ಗಳ ನಡುವೆ ನಾಲ್ಕೈದು ಲೀಟರ್ ಎಣ್ಣೆಯನ್ನು ಮೇಲಿಂದ ಮೇಲೆ ತುಂಬಿಸಿದ ಮಾಲೀಕ, ಪಿಸ್ಟನ್ ರಿಂಗುಗಳು ಸವೆದಿವೆಯೆಂದು ದೂರಿದರೆ, ಕಾರು ತಯಾರಕನ ಮಿತಿಯೊಳಗೇ ಇದೆ ಎಂಬ ಉತ್ತರ ಬರುತ್ತದೆ. ಮಿತಿಯನ್ನು ಬರೆದವರು ಯಾರು ಎಂದು ಅವನು ಕೇಳಬಹುದು, ಆದರೆ ಕೇಳಿ ಪ್ರಯೋಜನವಿಲ್ಲ.

ಈ ನಿರಾಕರಣೆಗಳೆಲ್ಲಕ್ಕಿಂತ ಮಾಲೀಕನನ್ನು ಹೆಚ್ಚು ಕಾಡುವುದು ನಿರಾಕರಣೆಗೆ ಮೊದಲಿನ ಹಂತ. ಎಂಜಿನ್ನಿನೊಳಗೆ ಏನಾಗಿದೆ ಎಂದು ತಿಳಿಯಲು ಅದನ್ನು ಬಿಚ್ಚಬೇಕು, ಬಿಚ್ಚಲು ಮಾಲೀಕನ ಸಹಿ ಬೇಕು, ಮತ್ತು ದೋಷ ವಾರಂಟಿಗೆ ಒಳಪಡದಿದ್ದರೆ ಬಿಚ್ಚಿದ ಕೂಲಿಯನ್ನು ಮಾಲೀಕನೇ ಕೊಡಬೇಕೆಂಬ ಒಪ್ಪಿಗೆಯೂ ಆ ಸಹಿಯಲ್ಲೇ ಸೇರಿರುತ್ತದೆ. ಹೀಗಾಗಿ ತನ್ನ ಹಕ್ಕು ಇದೆಯೋ ಇಲ್ಲವೋ ಎಂದು ತಿಳಿಯುವುದಕ್ಕೇ ಅವನು ಹತ್ತಾರು ಸಾವಿರ ರೂಪಾಯಿಗಳನ್ನು ಪಣಕ್ಕಿಡಬೇಕಾಗುತ್ತದೆ. ಒಮ್ಮೆ ಬಿಚ್ಚಿದ ಮೇಲೆ ಕಾರನ್ನು ಬೇರೆಡೆಗೆ ಒಯ್ಯುವಂತಿಲ್ಲ. ಬಿಡಿಬಿಡಿಯಾದ ಎಂಜಿನ್ನನ್ನು ಹೊತ್ತು ಯಾವ ಮೆಕ್ಯಾನಿಕ್ಕಿನ ಬಳಿಗೆ ಹೋದರೂ ಅವನು ಹೊಣೆ ಹೊರಲು ಒಪ್ಪುವುದಿಲ್ಲ. ಅಂದರೆ ವರ್ಕ್‌ಷಾಪು ಹೇಳಿದ ಎಸ್ಟಿಮೇಟಿಗೆ ಒಪ್ಪುವುದಷ್ಟೇ ಉಳಿಯುತ್ತದೆ. ದೊಡ್ಡ ಊರುಗಳಲ್ಲಿರುವವರ ಪಾಡೇ ಹೀಗಿದ್ದರೆ, ರಾಯಚೂರಿನಲ್ಲೋ ಚಿತ್ರದುರ್ಗದಲ್ಲೋ ಇರುವ ಮಾಲೀಕ ಕಾರನ್ನು ಲಾರಿಯ ಮೇಲೇರಿಸಿ ದೂರದ ನಗರದ ಅಧಿಕೃತ ವರ್ಕ್‌ಷಾಪಿಗೆ ಕಳಿಸಿ, ಬಿಡಿಭಾಗ ವಿದೇಶದಿಂದ ಬರುವವರೆಗೆ ವಾರಗಟ್ಟಲೆ ಕಾಯಬೇಕಾಗುತ್ತದೆ. ಆ ದಿನಗಳಿಗೆ ಬದಲಿ ಕಾರು ಕೊಡಬೇಕೆಂಬ ಮಾತನ್ನು ಅವನ ಒಪ್ಪಂದದಲ್ಲಿ ಹುಡುಕಿದರೂ ಸಿಗದಿರುವುದೇ ಹೆಚ್ಚು.

ನಮ್ಮ ರಸ್ತೆಗಳೂ ಮಳೆಯೂ ಈ ಒಪ್ಪಂದಗಳನ್ನು ಬರೆದವರ ಲೆಕ್ಕದಲ್ಲಿ ಹೊರಗಿನ ಕಾರಣಗಳು. ಬೆಂಗಳೂರಿನ ರಸ್ತೆಯುಬ್ಬಿಗೆ ತಗುಲಿ ತಗ್ಗು ಕಾರಿನ ಎಣ್ಣೆಯ ತೊಟ್ಟಿ ಸೀಳಿದರೆ ಅದು ಹೊರಗಿನ ಹೊಡೆತ. ನಿಂತ ಕಾರಿನ ವೈರುಗಳನ್ನು ಇಲಿ ಕಡಿದರೆ ಅದೂ ಹೊರಗಿನದೇ. 2022ರ ಸೆಪ್ಟೆಂಬರಿನಲ್ಲಿ ಯಮಲೂರು, ಬೆಳ್ಳಂದೂರು ಭಾಗಗಳು ನೀರಿನಲ್ಲಿ ಮುಳುಗಿದಾಗ ನೆಲಮಾಳಿಗೆಗಳಲ್ಲಿದ್ದ ದುಬಾರಿ ಕಾರುಗಳು ಕಿಟಕಿಯ ಮಟ್ಟಕ್ಕೆ ಮುಳುಗಿದ್ದವು. ನೀರು ಹೊಕ್ಕ ಎಂಜಿನ್ನನ್ನು ಚಾಲೂ ಮಾಡಿದರೆ ಸಿಲಿಂಡರಿನೊಳಗಿನ ನೀರು ಗಾಳಿಯಂತೆ ಕುಗ್ಗದು, ಪಿಸ್ಟನ್ನನ್ನು ಹಿಡಿದ ಕಡ್ಡಿಗಳು ಬಾಗುತ್ತವೆ. ಇದಕ್ಕೆ ವಾರಂಟಿಯಲ್ಲಿ ಪರಿಹಾರವಿಲ್ಲ, ಸಾಮಾನ್ಯ ಮೋಟಾರು ವಿಮೆಯಲ್ಲೂ ಇಲ್ಲ. ಎಂಜಿನ್ ರಕ್ಷಣೆಯೆಂಬ ಹೆಚ್ಚುವರಿ ವಿಮೆ ಮಾಡಿಸಿದ್ದರೆ ಮಾತ್ರ ಉಂಟು. ಇದರಲ್ಲಿ ತಯಾರಕನ ತಪ್ಪೇನೂ ಇಲ್ಲ. ಆದರೆ ಎಲ್ಲಕ್ಕೂ ರಕ್ಷಣೆ ಸಿಕ್ಕಿತೆಂಬ ಭಾವನೆಯನ್ನು ಮಾರಾಟದ ಮೇಜಿನ ಮೇಲೆ ಬಿತ್ತಿ, ವಿಮೆಗೂ ವಾರಂಟಿಗೂ ಇರುವ ಗಡಿಯನ್ನು ವಿವರಿಸದೆ ಬಿಡುವುದು ತಪ್ಪೇ.

ಇನ್ನು ಸರ್ವಿಸ್ ದಾಖಲೆಯ ಮಾತು. ವಾರಂಟಿ ಊರ್ಜಿತವಾಗಿರಬೇಕಾದರೆ ಕಾರನ್ನು ಗೊತ್ತುಪಡಿಸಿದ ಅವಧಿಗೆ ಸರಿಯಾಗಿ ಅಧಿಕೃತ ವರ್ಕ್‌ಷಾಪಿನಲ್ಲೇ ಸರ್ವಿಸ್ ಮಾಡಿಸಿರಬೇಕು, ತಯಾರಕನ ಬಿಡಿಭಾಗಗಳನ್ನೇ ಹಾಕಿಸಿರಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡ ಫಿಲ್ಟರ್, ಶಿವಾಜಿನಗರದ ಗುಜರಿಯಿಂದ ತಂದ ಸೆನ್ಸರ್, ಪಕ್ಕದ ಬೀದಿಯ ಮೆಕ್ಯಾನಿಕ್ ಬದಲಿಸಿದ ಎಣ್ಣೆ, ವಾರಂಟಿ ರದ್ದಾಗಲು ಯಾವುದಾದರೂ ಒಂದು ಸಾಕು. ಎರಡನೆಯ ಮಾಲೀಕನ ವಿಷಯದಲ್ಲಿ ಇದು ಹೇಗೆ ಕ್ರೂರವಾಗುತ್ತದೆಂದರೆ, ದಾಖಲೆಯಲ್ಲಿನ ಲೋಪ ಅವನದಲ್ಲ, ಮೊದಲ ಮಾಲೀಕನದು. ದೆಹಲಿ ಪ್ರದೇಶದಲ್ಲಿ 10 ವರ್ಷ ಮೀರಿದ ಡೀಸೆಲ್ ಕಾರುಗಳ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2015ರಲ್ಲಿ ನಿರ್ಬಂಧ ಹೇರಿ, ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಎತ್ತಿಹಿಡಿದ ಮೇಲೆ ಅಲ್ಲಿನ ಡೀಸೆಲ್ ಕಾರುಗಳು ಅಗ್ಗವಾಗಿ ದೂರದ ರಾಜ್ಯಗಳಿಗೆ ಹರಿದವು, ಕರ್ನಾಟಕಕ್ಕೂ ಬಂದವು. ಅವಧಿ ತುಂಬುವ ಮೊದಲೇ ಮಾರಿಬಿಡುವ ಆತುರದಲ್ಲಿ ಕೈಬದಲಾದ ಇಂಥ ಕಾರುಗಳ ಹಿಂದಿನ ಆರೈಕೆಯ ಕಥೆ ಹೊಸ ಮಾಲೀಕನಿಗೆ ಪೂರ್ತಿಯಾಗಿ ತಿಳಿಯುವುದೇ ಇಲ್ಲ. ವಾರಂಟಿ ಮಾರುವಾಗ ಡೀಲರಿನ ಕಂಪ್ಯೂಟರಿನಲ್ಲಿ ಅದೇ ದಾಖಲೆ ಇತ್ತು. ಅಂದು ಯಾರೂ ಲೋಪವನ್ನು ಎತ್ತಿ ತೋರಿಸಲಿಲ್ಲ, ಹಣ ಪಡೆದರು, ಎಂಜಿನ್ ಕೆಟ್ಟ ದಿನ ಅದೇ ಲೋಪ ಪತ್ತೆಯಾಯಿತು. ಮಾರುವ ದಿನ ನೋಡಬಹುದಾಗಿದ್ದುದನ್ನು ಕೊಡುವ ದಿನ ನೋಡಿ ನಿರಾಕರಿಸುವ ಹಕ್ಕು ಯಾವ ಒಪ್ಪಂದಕ್ಕೂ ಇರಬಾರದು. ಖಾಸಗಿಯಾಗಿ ಕೊಂಡ ಕಾರಿನಲ್ಲಿ ಇನ್ನೊಂದು ಬಲೆ ಇದೆ: ಆರ್‌ಟಿಓದಲ್ಲಿ ಮಾಲೀಕತ್ವ ಬದಲಾದ ಮಾತ್ರಕ್ಕೆ ವಾರಂಟಿ ಬದಲಾಗುವುದಿಲ್ಲ, ಅದನ್ನು ಬೇರೆಯಾಗಿ, ಗೊತ್ತಾದ ಅವಧಿಯೊಳಗೆ, ಶುಲ್ಕ ಕಟ್ಟಿ ವರ್ಗಾಯಿಸಿಕೊಳ್ಳಬೇಕಾಗಬಹುದು.

ತಯಾರಕರ ಪಕ್ಷದಲ್ಲಿ ಹೇಳಬೇಕಾದುದೂ ಇದೆ, ಅದನ್ನು ಮರೆಮಾಚಿದರೆ ಈ ವಾದ ಪೊಳ್ಳಾಗುತ್ತದೆ. ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿನ ತಂತ್ರಾಂಶವನ್ನು ತಿದ್ದಿ ಶಕ್ತಿ ಹೆಚ್ಚಿಸಿಕೊಂಡು, ಟರ್ಬೊ ಸುಟ್ಟ ಮೇಲೆ ಮತ್ತೆ ಮೂಲ ತಂತ್ರಾಂಶ ಹಾಕಿಸಿ ವಾರಂಟಿ ಕೇಳುವ ಮಾಲೀಕರಿದ್ದಾರೆ. ಓಡೋಮೀಟರನ್ನು ತಿರುಗಿಸಿ, ಲಕ್ಷ ಕಿಲೋಮೀಟರ್ ಓಡಿದ ಕಾರನ್ನು ಐವತ್ತು ಸಾವಿರದ್ದೆಂದು ತೋರಿಸುವ ದಲ್ಲಾಳಿಗಳಿದ್ದಾರೆ. ಎಲ್ಲ ಸವೆತವನ್ನೂ ತಯಾರಕನೇ ಭರಿಸುವುದಾದರೆ ವಾರಂಟಿಯ ಬೆಲೆ ಯಾರ ಕೈಗೂ ಎಟುಕದಷ್ಟು ಏರುತ್ತದೆ, ಕಾರನ್ನು ಜೋಪಾನ ಮಾಡುವವನು ಜೋಪಾನ ಮಾಡದವನ ಖರ್ಚನ್ನು ಹೊರಬೇಕಾಗುತ್ತದೆ. ಹೊರಗಿಡುವಿಕೆಗಳು ಬೇಕು. ತಕರಾರು ಇರುವುದು ಅವುಗಳ ಇರುವಿಕೆಯ ಬಗ್ಗೆ ಅಲ್ಲ, ಅವುಗಳನ್ನು ಅನ್ವಯಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದರ ಬಗ್ಗೆ.

ಒಂದೇ ಕಾರಿನ ಎರಡು ಬಗೆಯ ಹಾನಿಯನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಕಾರು ಗೋಡೆಗೆ ಗುದ್ದಿದರೆ ಅದು ವಿಮೆಯ ವಿಷಯ. ನಿಗದಿತ ಮೊತ್ತ ಮೀರಿದ ನಷ್ಟವನ್ನು ಪರವಾನಗಿ ಪಡೆದ ಸರ್ವೇಯರ್ ಬಂದು ಅಳೆಯಬೇಕೆಂದು 1938ರ ವಿಮಾ ಕಾಯ್ದೆಯ 64ಯುಎಂ ಕಲಮು ಹೇಳುತ್ತದೆ. ಅವನ ಶುಲ್ಕವನ್ನು ವಿಮಾ ಕಂಪನಿಯೇ ಕೊಡುವುದಾದರೂ ಅವನ ಪರವಾನಗಿ, ನಡತೆ, ವರದಿಯ ಅವಧಿ ಎಲ್ಲವೂ ನಿಯಂತ್ರಣ ಪ್ರಾಧಿಕಾರದ ನಿಯಮಗಳಿಗೆ ಒಳಪಟ್ಟಿವೆ. ಅವನ ವರದಿ ಒಪ್ಪಿಗೆಯಾಗದಿದ್ದರೆ, ಶುಲ್ಕವಿಲ್ಲದೆ ದೂರು ಆಲಿಸುವ ವಿಮಾ ಒಂಬುಡ್ಸ್‌ಮನ್ ಎಂಬ ಅಧಿಕಾರಿ ಬೆಂಗಳೂರಿನಲ್ಲೂ ಇದ್ದಾರೆ. ಅದೇ ಕಾರಿನ ಗೇರ್‌ಬಾಕ್ಸ್ ತಾನಾಗಿ ಕೆಟ್ಟರೆ ಅದು ವಾರಂಟಿಯ ವಿಷಯ. ಅಲ್ಲಿ ಸರ್ವೇಯರ್ ಇಲ್ಲ, ಒಂಬುಡ್ಸ್‌ಮನ್ ಇಲ್ಲ. ದೋಷವನ್ನು ಪತ್ತೆಹಚ್ಚುವುದು ಡೀಲರಿನ ವರ್ಕ್‌ಷಾಪು, ಕಾರಣವನ್ನು ನಿರ್ಧರಿಸುವುದು ವಾರಂಟಿ ಕೊಟ್ಟ ಕಂಪನಿ, ಹಣ ಕೊಡಬೇಕಾದುದೂ ಅದೇ ಕಂಪನಿ, ಹಣ ಕೊಡದಿದ್ದರೆ ಮಾಲೀಕನ ಖರ್ಚಿನಲ್ಲಿ ರಿಪೇರಿ ಮಾಡಿ ಬಿಲ್ಲು ಪಡೆಯುವುದು ಅದೇ ವರ್ಕ್‌ಷಾಪು. ಪರೀಕ್ಷೆ ಬರೆದವನೇ ತನ್ನ ಉತ್ತರಪತ್ರಿಕೆಯನ್ನು ತಿದ್ದಿದಂಥ ವ್ಯವಸ್ಥೆ ಇದು. ವಾರಂಟಿಯ ಬೆನ್ನಿಗೆ ವಿಮಾ ಕಂಪನಿ ಇರುವಲ್ಲಿ ಕೂಡ ಸಾಮಾನ್ಯವಾಗಿ ವಿಮೆಯ ಫಲಾನುಭವಿ ವಾರಂಟಿ ಮಾರಿದ ಸಂಸ್ಥೆಯೇ ಹೊರತು ಮಾಲೀಕನಲ್ಲ, ಹಾಗಾಗಿ ಅವನು ವಿಮೆಯ ಬಾಗಿಲನ್ನೂ ತಟ್ಟಲಾರ. ನಿರಾಕರಣೆಯ ನಂತರ ಕೆಲವೊಮ್ಮೆ ಗುಡ್‌ವಿಲ್ ಎಂಬ ಹೆಸರಿನಲ್ಲಿ ಕಂಪನಿ ಖರ್ಚಿನ ಒಂದು ಪಾಲನ್ನು ತಾನೇ ಭರಿಸಲು ಮುಂದಾಗುತ್ತದೆ. ಸಹಾಯ ಸಿಕ್ಕವನು ಸಂತೋಷಪಡುತ್ತಾನೆ, ಅದು ಸಹಜ. ಆದರೆ ಹಣ ಕೊಟ್ಟು ಕೊಂಡ ಹಕ್ಕು ಇಲ್ಲಿ ಕೇಳಿ ಪಡೆಯುವ ಅನುಗ್ರಹವಾಗಿ ಮಾರ್ಪಟ್ಟಿರುತ್ತದೆ, ಅದಕ್ಕೆ ನಿಯಮವಿಲ್ಲ, ಮೇಲ್ಮನವಿಯಿಲ್ಲ, ಎಷ್ಟು ಜನಕ್ಕೆ ಎಷ್ಟು ಕೊಟ್ಟರೆಂಬ ಬಹಿರಂಗ ಲೆಕ್ಕವೂ ಇಲ್ಲ.

ಇದೇ ಕಾರುಗಳು ಹುಟ್ಟಿದ ಜರ್ಮನಿಯಲ್ಲಿ ಸ್ಥಿತಿ ಬೇರೆ. ಅಲ್ಲಿ ವ್ಯಾಪಾರಿಯಿಂದ ಗ್ರಾಹಕ ಕೊಂಡ ವಸ್ತುವಿನಲ್ಲಿ, ಅದು ಬಳಸಿದ ಕಾರೇ ಆಗಿರಲಿ, ಮೊದಲ ಒಂದು ವರ್ಷದಲ್ಲಿ ಕಾಣಿಸಿಕೊಂಡ ದೋಷವು ಮಾರಿದ ದಿನವೇ ಇತ್ತೆಂದು ಕಾನೂನು ಭಾವಿಸುತ್ತದೆ. ಇರಲಿಲ್ಲವೆಂದು ತೋರಿಸುವ ಹೊರೆ ಮಾರಿದವನದು. ಆರು ತಿಂಗಳಿದ್ದ ಈ ಅವಧಿಯನ್ನು ಐರೋಪ್ಯ ಒಕ್ಕೂಟದ ನಿರ್ದೇಶನದಂತೆ 2022ರ ಆರಂಭದಿಂದ ಒಂದು ವರ್ಷಕ್ಕೆ ಏರಿಸಲಾಗಿದೆ. ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ, ತನ್ನದೇ ಬಿಡಿಭಾಗ ಮತ್ತು ಸೇವೆಯನ್ನು ಬಳಸಿದರೆ ಮಾತ್ರ ವಾರಂಟಿ ಎಂದು ತಯಾರಕ ಕಟ್ಟುಪಾಡು ಹಾಕುವುದನ್ನು, ಅವುಗಳನ್ನು ಉಚಿತವಾಗಿ ಕೊಟ್ಟ ಹೊರತು, ಸಾಮಾನ್ಯವಾಗಿ ನಿಷೇಧಿಸುತ್ತದೆ. 1985ರಲ್ಲಿ ಜಾರಿಗೆ ಬಂದ ಇನ್ನೊಂದು ನಿಯಮದ ಪ್ರಕಾರ ಡೀಲರ್ ಮಾರುವ ಪ್ರತಿಯೊಂದು ಬಳಸಿದ ಕಾರಿನ ಗಾಜಿನ ಮೇಲೂ ಒಂದು ಚೀಟಿ ಅಂಟಿರಬೇಕು, ಅದರಲ್ಲಿ ವಾರಂಟಿ ಇದೆಯೇ, ಇದ್ದರೆ ರಿಪೇರಿಯ ಖರ್ಚಿನಲ್ಲಿ ಡೀಲರಿನ ಪಾಲು ಶೇಕಡಾ ಎಷ್ಟು ಎಂಬುದು ಬರೆದಿರಬೇಕು. ಗ್ರಾಹಕನ ದುಃಖ ಅಲ್ಲೆಲ್ಲ ತೀರಿದೆ ಎಂದಲ್ಲ. ವಿಸ್ತರಿತ ವಾರಂಟಿಯ ದೂರುಗಳು ಅಮೆರಿಕದಲ್ಲೂ ಹೇರಳ. ಆದರೂ ಅದೇ ಎಂಜಿನ್, ಅದೇ ಲಾಂಛನ ಇರುವ ಕಾರಿನ ದೋಷವನ್ನು ಮ್ಯೂನಿಕ್ಕಿನಲ್ಲಿ ಮಾರಿದವನು ವಿವರಿಸಬೇಕು, ಮೈಸೂರಿನಲ್ಲಿ ಕೊಂಡವನು ಸಾಬೀತುಪಡಿಸಬೇಕು ಎಂಬ ಸ್ಥಿತಿಗೆ ಸಮರ್ಥನೆ ಸಿಗುವುದಿಲ್ಲ.

ಭಾರತದಲ್ಲಿ ಏನೂ ನಡೆದಿಲ್ಲವೆನ್ನುವುದು ಸರಿಯಲ್ಲ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಸ್ವತಂತ್ರ ವರ್ಕ್‌ಷಾಪುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ 14 ಕಾರು ತಯಾರಕರಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತು. ಮೇಲ್ಮನವಿಗಳಲ್ಲಿ ಆ ದಂಡದ ಲೆಕ್ಕ ಬದಲಾದರೂ, ಬೇರೆಡೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ರದ್ದುಮಾಡುವ ರೂಢಿಯನ್ನು ಒಂದು ಶಾಸನಬದ್ಧ ಸಂಸ್ಥೆ ಪ್ರಶ್ನಿಸಿದ ಮುಖ್ಯ ಸಂದರ್ಭ ಅದು. ರಿಪೇರಿಯ ಹಕ್ಕಿಗಾಗಿ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ತೆರೆದ ಪೋರ್ಟಲಿನಲ್ಲಿ ವಾಹನ ಕ್ಷೇತ್ರವೂ ಸೇರಿದೆ. ಬಳಸಿದ ವಾಹನಗಳ ಡೀಲರುಗಳು ಅಧಿಕೃತ ಪತ್ರ ಪಡೆಯಬೇಕೆಂಬ ನಿಯಮ 2023ರ ಏಪ್ರಿಲಿನಿಂದ ಜಾರಿಯಲ್ಲಿದೆ, ಆದರೆ ಅದರ ಗಮನ ನೋಂದಣಿಯ ಕಾಗದಪತ್ರಗಳ ಕಡೆಗೆ, ವಾರಂಟಿಯ ಕಡೆಗಲ್ಲ. ನ್ಯಾಯಾಲಯಗಳ ತೀರ್ಪುಗಳು ಎರಡೂ ದಿಕ್ಕಿಗೆ ಇವೆ. 2006ರಲ್ಲಿ ಮಾರುತಿ ಕಂಪನಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯಲ್ಲಿ ಬರೆದಿರುವುದು ದೋಷಯುಕ್ತ ಭಾಗವನ್ನು ಬದಲಿಸಿಕೊಡುವುದೆಂದು, ಆದ್ದರಿಂದ ಇಡೀ ಕಾರನ್ನು ಬದಲಿಸಿಕೊಡೆಂದು ಆಜ್ಞಾಪಿಸಲಾಗದೆಂದು ಹೇಳಿತು. 2024ರ ಜುಲೈನಲ್ಲಿ ಅದೇ ನ್ಯಾಯಾಲಯ ಮರ್ಸಿಡಿಸ್ ಕಾರಿನ ಪ್ರಕರಣದಲ್ಲಿ, ಕಂಪನಿಯೊಂದು ತನ್ನ ನಿರ್ದೇಶಕರ ಬಳಕೆಗೆ ಕೊಂಡ ಕಾರು ಅಷ್ಟರಿಂದಲೇ ವಾಣಿಜ್ಯ ಉದ್ದೇಶದ್ದಾಗುವುದಿಲ್ಲ ಎಂದು ತೀರ್ಮಾನಿಸಿತು. ಕಂಪನಿಯ ಹೆಸರಿನಲ್ಲಿ ದುಬಾರಿ ಕಾರು ಕೊಳ್ಳುವುದು ಸಾಮಾನ್ಯವಾಗಿರುವ ನಮ್ಮಲ್ಲಿ ಇದರ ಮಹತ್ವ ಸಣ್ಣದಲ್ಲ, ಏಕೆಂದರೆ ವಾಣಿಜ್ಯ ಉದ್ದೇಶಕ್ಕೆ ಕೊಂಡವನು ಗ್ರಾಹಕನೇ ಅಲ್ಲವೆಂಬುದು ತಯಾರಕರ ಪರ ವಕೀಲರ ಮೊದಲ ವಾದವಾಗಿರುತ್ತದೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ಯಾಯದ ಒಪ್ಪಂದ ಎಂಬ ಹೊಸ ಕಲ್ಪನೆಯನ್ನು ತಂದಿತು: ಗ್ರಾಹಕನ ಹಕ್ಕುಗಳನ್ನು ಗಣನೀಯವಾಗಿ ಬದಲಿಸುವ, ಅವನಿಗೆ ಪ್ರತಿಕೂಲವಾದ ಷರತ್ತುಗಳಿರುವ ಒಪ್ಪಂದ ಅದು. ಕೊಳವೆಯ ನೆಪದಲ್ಲಿ ಎಂಜಿನ್ನನ್ನು ಹೊರಗಿಡುವ ವಾಕ್ಯ ಈ ವ್ಯಾಖ್ಯೆಗೆ ಒಳಪಡುತ್ತದೆಂದು ವಾದಿಸಲು ಧಾರಾಳ ಅವಕಾಶವಿದೆ. ಆದರೆ ಅನ್ಯಾಯದ ಒಪ್ಪಂದದ ದೂರನ್ನು ಜಿಲ್ಲಾ ಗ್ರಾಹಕ ಆಯೋಗ ಆಲಿಸುವಂತಿಲ್ಲ. ಅದು ರಾಜ್ಯ ಆಯೋಗಕ್ಕೆ ಅಥವಾ ರಾಷ್ಟ್ರೀಯ ಆಯೋಗಕ್ಕೇ ಹೋಗಬೇಕು. ಜಿಲ್ಲಾ ಆಯೋಗದಲ್ಲಿ ಸೇವೆಯ ಕೊರತೆ ಎಂದು ದೂರಬಹುದು, ದೋಷ ಸಾಬೀತಾಗಲು ಪರೀಕ್ಷೆ ಬೇಕಾದರೆ 38ನೆಯ ಕಲಮಿನ ಪ್ರಕಾರ ಭಾಗವನ್ನು ಪ್ರಯೋಗಾಲಯಕ್ಕೆ ಕಳಿಸಲು ಕೋರಬಹುದು, ಅದಕ್ಕೆ ಶುಲ್ಕವನ್ನು ದೂರುದಾರನೇ ಮೊದಲು ಕಟ್ಟಬೇಕು. ದೂರಿಗೆ ಕಾಲಮಿತಿ 2 ವರ್ಷ. ಈ ಹಾದಿಯಲ್ಲಿ ಹೊರಟ ಮಾಲೀಕರು ಮುಗ್ಗರಿಸುವುದು ಕಾನೂನಿನ ಕೊರತೆಯಿಂದ ಎನ್ನುವುದಕ್ಕಿಂತ ಸಾಕ್ಷ್ಯದ ಕೊರತೆಯಿಂದ: ನಿರಾಕರಣೆ ಬಾಯಿಮಾತಿನಲ್ಲಿ ಬಂದಿರುತ್ತದೆ, ಒಪ್ಪಂದದ ಪೂರ್ತಿ ಪ್ರತಿ ಕೈಗೆ ಸಿಕ್ಕಿರುವುದಿಲ್ಲ, ಕೆಟ್ಟ ಭಾಗ ಗುಜರಿಗೆ ಹೋಗಿರುತ್ತದೆ.

ಈ ಮೂರನ್ನೂ ಸರಿಪಡಿಸಲು ಹೊಸ ಕಾಯ್ದೆಯೇ ಬೇಕೆಂದಿಲ್ಲ, ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಮನಸ್ಸು ಮಾಡಿದರೆ ಆಗುವ ಕೆಲಸ ಅದು. ಹಣ ಪಡೆಯುವ ಮೊದಲು ಒಪ್ಪಂದದ ಪೂರ್ತಿ ಪಠ್ಯವನ್ನು, ಕನ್ನಡ ನಾಡಿನಲ್ಲಿ ಕನ್ನಡದಲ್ಲೂ, ಕೊಡಬೇಕು. ಮಾರಾಟದ ದಿನ ಡೀಲರ್ ಸರ್ವಿಸ್ ದಾಖಲೆಯನ್ನು ನೋಡಿ ಸಹಿಮಾಡಿದ ಮೇಲೆ ಹಿಂದಿನ ಲೋಪವನ್ನು ಮತ್ತೆ ಎತ್ತುವಂತಿರಬಾರದು. ನಿರಾಕರಣೆ ಯಾವ ಕಲಮಿನ ಮೇಲೆ, ಯಾವ ತಾಂತ್ರಿಕ ಕಾರಣದಿಂದ ಎಂಬುದು ಬರವಣಿಗೆಯಲ್ಲಿ ಬರಬೇಕು, ದೊಡ್ಡ ಮೊತ್ತದ ವಿವಾದಗಳಲ್ಲಿ ವಿಮೆಯ ಸರ್ವೇಯರಿನಂಥ ಪರವಾನಗಿಯುಳ್ಳ ಮೂರನೆಯವನು ಬಂದು ನೋಡಬೇಕು. ಅಲ್ಲಿಯವರೆಗೆ ಮಾಲೀಕನ ಕೈಯಲ್ಲಿರುವುದು ಜಾಬ್ ಕಾರ್ಡ್ ಒಂದೇ, ಅಂದರೆ ಕಾರನ್ನು ಒಪ್ಪಿಸುವಾಗ ದೂರುಗಳನ್ನೂ ಮಾಡಬೇಕಾದ ಕೆಲಸವನ್ನೂ ಬರೆದು ಎರಡೂ ಕಡೆಯವರು ಸಹಿಹಾಕುವ ಹಾಳೆ. ಬಿಚ್ಚುವ ಕೆಲಸದ ಫೋಟೋಗಳನ್ನು ಕೊಡತಕ್ಕದ್ದು, ತೆಗೆದ ಭಾಗಗಳನ್ನು ತಕರಾರು ತೀರುವವರೆಗೆ ಮೊಹರು ಮಾಡಿ ಇಡತಕ್ಕದ್ದು, ನಿರಾಕರಿಸಿದರೆ ಕಾರಣವನ್ನು ಇಮೇಲಿನಲ್ಲಿ ತಿಳಿಸತಕ್ಕದ್ದು ಎಂಬ ಮೂರು ಸಾಲುಗಳನ್ನು ಆ ಹಾಳೆಯಲ್ಲಿ, ಬಾನೆಟ್ ತೆರೆಯುವ ಮೊದಲೇ, ಸರ್ವಿಸ್ ಅಡ್ವೈಸರಿನ ಕೈಯಿಂದಲೇ ಬರೆಸಿಕೊಂಡು ಒಂದು ಪ್ರತಿಯನ್ನು ಮಾಲೀಕ ತನ್ನ ಬಳಿ ಇಟ್ಟುಕೊಳ್ಳಬೇಕು.